ಮಳೆಗಾಲದಲ್ಲಿ ಮಾತ್ರ ಬಿಚ್ಚುತ್ತಿದ್ದ ಮೂಗು

ಬಾಲ್ಯದ ಬಗ್ಗೆ ಬರೆಯುವವರೆಲ್ಲ ವಾಸನೆಯಿಂದ ಶುರು ಮಾಡುತ್ತಾರೆ. ಆ ದಿನಗಳಲ್ಲಿ ಅಜ್ಜಿಯ ಸೀರೆಗೆ ಇಂಥ ವಾಸನೆ ಇತ್ತು, ಹೊಸ ಪುಸ್ತಕಕ್ಕೆ ಅಂಥದು, ಮೊದಲ ಮಳೆಗೆ ಮಣ್ಣು ಹೀಗೆ ಘಮಗುಟ್ಟಿತು ಎನ್ನುತ್ತಾರೆ. ಓದುವವರು ಹೌದೆಂದು ತಲೆಯಾಡಿಸುತ್ತಾರೆ. ನನ್ನದು ಇಲ್ಲೇ ಒಂದು ತಕರಾರು. ಆ ದಿನಗಳು ನನಗೂ ಇದ್ದವು. ಘಾಟ್ಕೋಪರದ ಒಂದು ಚಾಳು, ಅಂದರೆ ಸಾಲುಮನೆಗಳ ವಠಾರ, ಸ್ವಾತಂತ್ರ್ಯ ಬಂದು ಕೆಲವೇ ವರ್ಷ, ಗೋಧಿಗೂ ಸಕ್ಕರೆಗೂ ರೇಶನ್ ಅಂಗಡಿಯ ಮುಂದೆ ಸಾಲು. ಎಲ್ಲ ನೆನಪಿದೆ. ಆದರೆ ನನ್ನ ಆ ದಿನಗಳಿಗೆ ವಾಸನೆ ಇಲ್ಲ. ವರ್ಷದ ಬಹುಭಾಗ ನನ್ನ ಮೂಗು ಮುಚ್ಚಿಯೇ ಇರುತ್ತಿತ್ತು. ಬಾಯಿ ತೆರೆದು ಉಸಿರಾಡುತ್ತಿದ್ದೆ, ಬಾಯಿ ತೆರೆದೇ ಮಲಗುತ್ತಿದ್ದೆ. ಎದ್ದಾಗ ನಾಲಿಗೆ ಒಣಗಿದ ಚಕ್ಕಳದ ಹಾಗೆ ಅಂಗುಳಿಗೆ ಅಂಟಿರುತ್ತಿತ್ತು. ಗಂಟಲಿನ ಸುತ್ತ ಒಳಗಿನಿಂದ ಯಾರೋ ನೂಲು ಸುತ್ತಿ ಮೆಲ್ಲಗೆ ಬಿಗಿಯುತ್ತಿದ್ದಾರೆ ಅನ್ನಿಸುತ್ತಿತ್ತು. ನುಂಗಿದರೆ ಸಡಿಲವಾಗುತ್ತಿರಲಿಲ್ಲ, ಕೆಮ್ಮಿದರೆ ಇನ್ನಷ್ಟು ಬಿಗಿ.

ಇದು ನೆಗಡಿಯಲ್ಲ. ನೆಗಡಿ ಬರುತ್ತದೆ, ಹೋಗುತ್ತದೆ. ಇದು ನಮ್ಮ ಮನೆಯವರಲ್ಲಿ ಒಬ್ಬರ ಹಾಗೆ ನಮ್ಮ ಜೊತೆಗೇ ಇತ್ತು.

ಮನೆಯವರ ವಿಷಯ ಹೇಳಬೇಕು. ನಮ್ಮದು ನಶ್ಯದ ವ್ಯಾಪಾರ. ನಮ್ಮ ಕಡೆ ಅದಕ್ಕೆ ತಪಕೀರ ಅನ್ನುತ್ತಾರೆ. ನಿಪ್ಪಾಣಿಯಿಂದ ತಂಬಾಕಿನ ಎಲೆ ಗೋಣಿಚೀಲಗಳಲ್ಲಿ ಬರುತ್ತಿತ್ತು. ಚಾಳಿನ ಕೆಳಗಿನ ಅಂತಸ್ತಿನಲ್ಲಿ ರಸ್ತೆಗೆ ಮುಖ ಮಾಡಿದ ಅಂಗಡಿ. ಅದರಲ್ಲಿ ಅಪ್ಪ ಕೂಡುತ್ತಿದ್ದ. ಹಿಂದೆ ನಾವೆಲ್ಲ ಇರುತ್ತಿದ್ದ ಒಂದು ಖೋಲಿ. ಖೋಲಿಯ ಮೇಲೆ, ಕೈಯೆತ್ತಿದರೆ ತಾಕುವ ಎತ್ತರದಲ್ಲಿ, ಹಲಗೆ ಹಾಕಿದ ಮಾಳಾ, ಅಂದರೆ ಅಟ್ಟ. ಅಪ್ಪನ ತಮ್ಮ, ನಮ್ಮ ಕಾಕಾ, ಹಿಂದಿನ ಓಣಿಯಲ್ಲಿ ಎಲೆಯನ್ನು ಹುರಿದು ಒರಳಿನಲ್ಲಿ ಕುಟ್ಟುತ್ತಿದ್ದ. ಕುಟ್ಟಿದ್ದನ್ನು ಅವ್ವ ಏಣಿ ಹತ್ತಿ ಮಾಳಾಕ್ಕೆ ಒಯ್ದು ಮಲಮಲ್ ಬಟ್ಟೆಯ ಜರಡಿಯಲ್ಲಿ ಗಾಳಿಸುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಕೆಳಗೆ ಕೂತು ಪುಡಿಗೆ ತುಪ್ಪದ ಕೈ ಸವರಿ ಡಬ್ಬಿ ತುಂಬುತ್ತಿದ್ದಳು. ಅಕ್ಕ ನನಗಿಂತ ದೊಡ್ಡವಳು. ಅವಳು ಅಡಿಗೆ ನೋಡಿಕೊಳ್ಳುತ್ತಿದ್ದಳು.

ಮಾಳಾಕ್ಕೆ ಒಂದು ಕಿಟಕಿ ಇತ್ತು. ಗಾಳಿಸುವಾಗ ಅದನ್ನು ಮುಚ್ಚಬೇಕು, ಸಂದಿಗೆ ಚಿಂದಿ ತುರುಕಬೇಕು. ಯಾಕೆಂದರೆ ಜರಡಿಯ ಕೆಳಗೆ ಬೀಳುವುದು ಸಾಧಾರಣ ಮಾಲು. ಜರಡಿ ಅಲ್ಲಾಡಿಸುವಾಗ ಮೇಲಕ್ಕೆ ಎದ್ದು ಗಾಳಿಯಲ್ಲಿ ನಿಲ್ಲುವುದಿದೆಯಲ್ಲ, ಅದೇ ಉತ್ತಮ ಮಾಲು. ಅದಕ್ಕೆ ನಮ್ಮಲ್ಲಿ ಹಾರುಪುಡಿ ಎಂದು ಹೆಸರು. ಗೋಡೆಯುದ್ದಕ್ಕೂ ಬಿಳಿ ಪಂಚೆ ತೂಗುಹಾಕಿ, ಅದರ ಮೇಲೆ ಕೂತ ಪುಡಿಯನ್ನು ಸಂಜೆ ಕೋಳಿಗರಿಯಿಂದ ಸವರಿ ಇಳಿಸುತ್ತಿದ್ದರು. ಮಾರ್ಕೆಟ್ಟಿನ ಗುಜರಾತಿ ಶೇಟಗಳು, ಕೋರ್ಟಿನ ಮುದುಕ ವಕೀಲರು ಅದನ್ನೇ ಕೇಳಿಕೊಂಡು ಅಷ್ಟು ದೂರದಿಂದ ಬರುತ್ತಿದ್ದರು. ಬೇರೆಯವರ ಮನೆಯಲ್ಲಿ ಗಾಳಿ ಅಂದರೆ ಗಾಳಿ. ನಮ್ಮ ಮನೆಯಲ್ಲಿ ಅದು ದಾಸ್ತಾನು. ಕಿಟಕಿ ತೆರೆಯುವುದೆಂದರೆ ಅಂಗಡಿಯ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ.

ಇನ್ನೊಂದು ರೂಢಿಯಿತ್ತು. ಗಾಳಿಸುವಾಗ ಮೂಗಿಗೆ ಬಟ್ಟೆ ಕಟ್ಟಬಾರದು. ಅವ್ವ ಹೊಸದಾಗಿ ಮದುವೆಯಾಗಿ ಬಂದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳಂತೆ. ಆಯಿ ಸೆರಗನ್ನು ಎಳೆದು ಬಿಡಿಸಿದ್ದಳಂತೆ. "ಅನ್ನ ಕೊಡೂ ಲಕ್ಷ್ಮಿ ಅದು. ಅದರ ಮುಂದ ಮೂಗ ಮುಚ್ಚತಾರೇನು, ಹೆಣದ ಮುಂದ ನಿಂತಾಂಗ?" ಪ್ರತಿ ಶುಕ್ರವಾರ ಒರಳಿಗೂ ಜರಡಿಗೂ ಕುಂಕುಮ ಹಚ್ಚುವ ಮನೆ ಅದು. ಅವ್ವ ಆಮೇಲೆ ಎಂದೂ ಮುಚ್ಚಲಿಲ್ಲ.

ಹೀಗೆ ಒಂದೊಂದೇ ಜೋಡಿಸಿ ಬರೆದಾಗ ಓದುವವರಿಗೆ ಕಾರಣ ಎದ್ದು ಕಾಣುತ್ತದೆ. ನಿಮಗೆ ಕಾಣುತ್ತಿದೆ, ನನಗೆ ಗೊತ್ತು. ಆದರೆ ಮನೆಯೊಳಗೆ ಇದ್ದವರಿಗೆ ಯಾರಿಗೂ ಕಾಣಲಿಲ್ಲ. ಮಾಳಾದ ಹಲಗೆಗಳ ಸಂದಿಯಿಂದ ಕಂದು ಧೂಳು ಹಾಸಿಗೆಯ ಮೇಲೆ, ನೀರಿನ ಕೊಡದ ಮುಚ್ಚಳದ ಮೇಲೆ, ನನ್ನ ಪಾಟಿಯ ಮೇಲೆ ದಿನವೂ ಇಳಿಯುತ್ತಿತ್ತು. ನಾನು ಪಾಟಿ ಒರೆಸಿ ಲೆಕ್ಕ ಮಾಡುತ್ತಿದ್ದೆ, ಅಷ್ಟೇ.

ಔಷಧ ಮಾತ್ರ ಬಿಡದೆ ನಡೆಯುತ್ತಿತ್ತು. ಕಂಬಳಿ ಹೊದಿಸಿ ನೀಲಗಿರಿ ಎಣ್ಣೆಯ ಹಬೆ. ಅಜವಾನವನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಗಿನ ಬುಡಕ್ಕೆ ಶಾಖ. ಅರಿಶಿನ ಕೊಂಬನ್ನು ಸುಟ್ಟು ಅದರ ಹೊಗೆ; ಅದನ್ನು ಕುಡಿದ ದಿನ ನಾನು ಇನ್ನು ಬದುಕುವುದಿಲ್ಲ ಎಂದುಕೊಂಡಿದ್ದೆ. ಡಾಕ್ಟರರು ಕಾಗದದ ಗುರುತು ಅಂಟಿಸಿದ ಬಾಟಲಿಯಲ್ಲಿ ಕೆಂಪು ನೀರು ಕೊಟ್ಟರು. ಎರಡು ಬಾಗಿಲು ಆಚೆ ಇದ್ದ ಶೀನಪ್ಪ, ಉಡುಪಿ ಕಡೆಯವನು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹಾಕುವವನು, ಮೆಣಸು ಬೆಲ್ಲದ ಕಷಾಯ ಮಾಡಿ ತಂದ.

"ಎಂತ ಮಾರಾಯ, ಮೂಗಿಗೆ ಬೀಗ ಹಾಕಿ ಕೀಲಿಕೈ ಊರಲ್ಲಿ ಬಿಟ್ಟು ಬಂದದ್ದಾ ನೀನು?" ಅಂದ.

"ಕೀಲಿಕೈ ಇವರ ಆಯಿ ಸೊಂಟದಾಗೈತಿ," ಅಂದ ಕಾಕಾ.

ಆಯಿ ಸೊಂಟದಲ್ಲಿದ್ದ ತನ್ನ ತಪಕೀರದ ಡಬ್ಬಿಯನ್ನು ಒಳಗೆ ಸರಿಸಿಕೊಂಡಳು.

ಶಾಲೆಯಲ್ಲಿ ನನ್ನ ಪಾಡು ಬೇರೆ. ಕನ್ನಡ ಶಾಲೆ, ಒಂದೇ ಕೋಣೆಯಲ್ಲಿ ಎರಡು ಇಯತ್ತೆ. ನಾನು ಎದ್ದು ಪಾಠ ಓದಿದರೆ ಮ, ನ ಎಂಬ ಅಕ್ಷರ ಒಂದೂ ಮೂಗಿನಿಂದ ಹೊರಡುತ್ತಿರಲಿಲ್ಲ. ಹುಡುಗರು ತಮ್ಮ ಮೂಗು ಹಿಡಿದುಕೊಂಡು ನನ್ನ ಹಾಗೆ ಓದಿ ತೋರಿಸುತ್ತಿದ್ದರು. ಆದರೂ ನಾನು ಮಾತು ನಿಲ್ಲಿಸಿದವನಲ್ಲ. ಮಾಸ್ತರರು ಒಂದು ಹೇಳಿದರೆ ಯಾಕೆ ಎಂದು ಕೇಳುತ್ತಿದ್ದೆ, ಉತ್ತರ ಕೊಟ್ಟರೆ ಹಾಗಾದರೆ ಇದು ಹೇಗೆ ಎನ್ನುತ್ತಿದ್ದೆ. ಕಾಕಾ ಆಗಲೇ ನನಗೆ ವಕೀಲ ಎಂದು ಹೆಸರಿಟ್ಟಿದ್ದ.

ಅವ್ವನಿಗೂ ಇದೇ ಇತ್ತು ಅನ್ನುವುದನ್ನು ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಗನಿಗೆ ತಾಯಿಯ ಮೂಗು ಬಂದಿದೆ ಎನ್ನುತ್ತಿದ್ದರು, ತಾಯಿಯ ಬಣ್ಣ ಬಂದಿದೆ ಅನ್ನುವ ಹಾಗೆ. ಅವಳು ಅದನ್ನು ತನ್ನದೇ ರೀತಿಯಲ್ಲಿ ಸಂಭಾಳಿಸುತ್ತಿದ್ದಳು. ಇದ್ದಿಲ ಒಲೆಯ, ಆ ಸಿಗಡಿಯ ಮೇಲೆ ಸದಾ ಒಂದು ತಂಬಿಗೆ ಬಿಸಿನೀರು. ಮಾತಾಡುವ ಮುಂಚೆ ಒಂದು ಗುಟುಕು. ದವಡೆಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ. ಏಣಿ ಇಳಿದು ಬಂದವಳು ಎರಡು ಬೆರಳಿನಿಂದ ಗಂಟಲು ಒತ್ತಿಕೊಂಡು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಆಗ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಉದ್ದ ಮಾತುಗಳನ್ನು ಅವಳು ಕ್ರಮೇಣ ಬಿಟ್ಟಿದ್ದಳು. ತಾ, ಇಡು, ಉಣ್ಣು, ಸಾಕು. ಮಾತು ಕಡಿಮೆಯ ಸೊಸೆ ಎಂದು ಚಾಳಿನಲ್ಲಿ ಅವಳಿಗೆ ಒಳ್ಳೆಯ ಹೆಸರು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಮೇ ತಿಂಗಳು ಎಂದಿಗಿಂತ ಕೆಟ್ಟದಾಗಿತ್ತು. ಮಳೆ ಶುರುವಾದರೆ ಪುಡಿ ತೇವಕ್ಕೆ ಮುದ್ದೆಯಾಗಿ ಜರಡಿಗೆ ಅಂಟುತ್ತದೆ. ಆದ್ದರಿಂದ ಮಳೆಗಾಲದ ಮಾಲನ್ನೆಲ್ಲ ಮೇ ತಿಂಗಳಲ್ಲೇ ಗಾಳಿಸಿ ಇಡಬೇಕು. ಅವ್ವ ಬೆಳಿಗ್ಗೆ ಮಾಳಾ ಹತ್ತಿದರೆ ಊಟಕ್ಕೆ ಇಳಿಯುವಳು, ಮತ್ತೆ ಹತ್ತುವಳು. ನನ್ನ ಗಂಟಲು ಎಷ್ಟು ಬಿಗಿದಿತ್ತೆಂದರೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದೆ. ಆಗ ಆಯಿ ಕೊನೆಯ ಔಷಧ ತೆಗೆದಳು.

"ಬಾ ಇಲ್ಲಿ, ತಮ್ಮಾ. ಮನ್ಯಾಗ ಔಷಧ ಇಟಗೊಂಡು ಊರ ತುಂಬ ತಿರಗಾಕತ್ತೀವಿ ನಾವು," ಎಂದು ಹಾರುಪುಡಿಯ ಡಬ್ಬಿ ತೆರೆದಳು.

"ಸಣ್ಣ ಹುಡುಗಗ ಕೊಡಬ್ಯಾಡ್ರಿ, ಅತ್ತಿ," ಅಂದಳು ಅವ್ವ. ಅಷ್ಟಕ್ಕೇ ಅವಳ ದನಿ ಒಡೆಯಿತು.

"ಶೇಟಗಳು ಯಾಕ ಬರ್ತಾರ ನಮ್ಮ ಅಂಗಡಿಗಿ? ಮೂಗ ಬಿಚ್ಚತೈತಿ ಅಂತ. ಅವರ ಮೂಗ ಬಿಚ್ಚೂದು, ನನ್ನ ಮೊಮ್ಮಗಂದು ಬಿಚ್ಚೂದಿಲ್ಲೇನು?"

ಒಂದು ಚಿಟಿಕೆ ಎಳೆಸಿದಳು. ತಲೆಯೊಳಗೆ ಕೆಂಡ ಸುರಿದ ಹಾಗಾಯಿತು. ಸೀನಿ ಸೀನಿ ಕುಸಿದೆ. ಕಾಕಾ ದೇವರ ಮುಂದಿನ ದೀಪಕ್ಕೆ ಕೈ ಮರೆ ಮಾಡಿ, "ಆ ಕಡೆ ತಿರಗೋ, ದೀಪ ಆರತೈತಿ," ಅಂದ. ಆಮೇಲೆ ಒಂದು ಗಳಿಗೆ ನಿಜವಾಗಿ ಮೂಗಿನಲ್ಲಿ ತಣ್ಣಗೆ ಗಾಳಿ ಆಡಿತು. ಆಯಿ ಎಲ್ಲರ ಮುಖ ನೋಡಿದಳು. ದಿನವೂ ಕೊಡತೊಡಗಿದಳು.

ಜೂನಿನಲ್ಲಿ ಮಳೆ ಹಿಡಿಯಿತು. ಜರಡಿ ತೊಳೆದು ಗೂಟಕ್ಕೆ ಹಾಕಿದರು. ಬಿಳಿ ಪಂಚೆಗಳನ್ನು ಮಡಿಚಿ ಇಟ್ಟರು. ಅವ್ವ ಮಾಳಾದಿಂದ ಇಳಿದಳು. ಆ ವರ್ಷ ಮೊದಲ ಸಲ ಮಾಳಾದ ಹಲಗೆಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಕಿಟಕಿ ತೆರೆದಿಟ್ಟಳು. ಕೆಲವು ದಿನ ಕಳೆದಿರಬೇಕು. ಒಂದು ಸಂಜೆ ನಾನು, ಅಕ್ಕ, ಅವ್ವ ಹುಣಸೆ ಬೀಜದಿಂದ ಚೌಕಾಬಾರ ಆಡುತ್ತ ಕೂತಿದ್ದೆವು. ಇದ್ದಕ್ಕಿದ್ದಂತೆ ನನಗೆ ಏನೋ ಆಯಿತು.

"ಅವ್ವಾ, ಏನೋ ಕೆಟ್ಟ ನಾತ ಬರಾಕತ್ತೈತಿ."

"ಗಟಾರ ತುಂಬೇತಿ. ದಿನಾ ಬರ್ತೈತಿ ಅದು. ನಿನಗ ಇವತ್ತ ಗೊತ್ತಾತು."

ಬೇರೆಯವರಿಗೆ ಮಣ್ಣಿನ ಘಮ, ನನಗೆ ಘಾಟ್ಕೋಪರದ ಗಟಾರ. ನಾನು ಅದನ್ನೇ ಎದೆತುಂಬ ಎಳೆದುಕೊಂಡೆ. ಆಮೇಲೆ ಒಂದೊಂದೇ ಬಂದವು. ನೆಂದ ಗೋಣಿ. ಸಿಗಡಿಯಲ್ಲಿ ಆಗ ತಾನೇ ಹೊತ್ತಿದ ಇದ್ದಿಲು. ಅಕ್ಕ ಮಾಡುತ್ತಿದ್ದ ಝುಣಕದ ಒಗ್ಗರಣೆ. ಶೀನಪ್ಪನ ಅಂಗಿಯಿಂದ ಬರುವ ಸಾಂಬಾರು. ಅವನು ಇನ್ನೂ ಮೂಲೆ ತಿರುಗುವ ಮೊದಲೇ ಅವನು ಬಂದನೆಂದು ನಾನು ಹೇಳುತ್ತಿದ್ದೆ.

ಅವ್ವನ ಮೂಗು ನನ್ನದಕ್ಕಿಂತ ಚುರುಕು. ಒಂದು ದಿನ ಮಳೆಯ ನಡುವೆ ಕಣ್ಣು ಮುಚ್ಚಿ, "ಓಣಿ ಆ ತುದೀಗಿ ಯಾರೋ ಶೇಂಗಾ ಹುರಿಯಾಕತ್ತಾರ," ಅಂದಳು.

"ಸುಳ್ಳು. ಅಷ್ಟ ದೂರದ್ದು ನಿನಗ ಹ್ಯಾಂಗ ಗೊತ್ತಾಗತೈತಿ?"

"ಹೋಗಿ ನೋಡಿ ಬಾ, ವಕೀಲಾ."

ತಲೆಗೆ ಗೋಣಿ ಹಾಕಿಕೊಂಡು ಓಡಿದೆ. ಓಣಿಯ ತುದಿಯಲ್ಲಿ ಸೋರುವ ತಗಡಿನ ಕೆಳಗೆ ಒಬ್ಬ ಭಯ್ಯಾ ಶೇಂಗಾ ಹುರಿಯುತ್ತಿದ್ದ. ಅಂದಿನಿಂದ ಅದೇ ನಮ್ಮ ಆಟ. ಅವಳು ಮೂಸಿ ಹೇಳುವುದು, ನಾನು ಓಡಿ ಹೋಗಿ ಪರೀಕ್ಷಿಸುವುದು. ಮೇಲಿನ ಅಂತಸ್ತಿನಲ್ಲಿ ಬೊಂಬಿಲ್ ಮೀನು ಹುರಿಯುತ್ತಿದ್ದಾರೆ, ಹಿಂದಿನ ಖೋಲಿಯಲ್ಲಿ ಕೂಸಿಗೆ ಸಾಂಬ್ರಾಣಿ ಹಾಕಿದ್ದಾರೆ, ಇಸ್ತ್ರಿಯವನು ಯಾರದೋ ಅಂಗಿ ಸುಟ್ಟ. ಅವಳು ಸೋತದ್ದು ನನಗೆ ನೆನಪಿಲ್ಲ. ಆ ಮಳೆಗಾಲ ಅವಳು ಉದ್ದುದ್ದ ಮಾತಾಡಿದಳು. ತನ್ನ ತವರಿನ ಹುಡುಗಿಯರ ಹೆಸರು ಹೇಳಿ, ಒಬ್ಬೊಬ್ಬರ ನಡಿಗೆ ಮಾಡಿ ತೋರಿಸಿ ನಕ್ಕಳು. ಅಕ್ಕ ನನ್ನ ಕಡೆ ನೋಡಿದಳು: ಅವ್ವ ಇಷ್ಟು ಮಾತಾಡುವವಳೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಆಯಿ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಳು: "ನೋಡ್ರಿ, ತಪಕೀರ ಹಾಕಿದ ಮ್ಯಾಲ ಹುಡುಗನ ಮೂಗ ಬಿಚ್ಚಿತು. ಇಡೀ ಚಾಳ ನೆಗಡಿಯಾಗಿ ಸೊರ್ರ್ ಅನ್ನಾಕತ್ತೈತಿ, ನಮ್ಮ ಹುಡುಗ ಆರಾಮ ಅದಾನ."

ಆ ಮಾತೇ ನನ್ನ ತಲೆಯಲ್ಲಿ ಕೂತಿತು. ಹೌದು, ಮಳೆಗೆ ಎಲ್ಲರ ಮೂಗು ಕಟ್ಟುತ್ತದೆ. ನನ್ನದು ಬಿಚ್ಚುತ್ತದೆ. ಯಾಕೆ? ತಪಕೀರದಿಂದ ಅನ್ನೋಣ. ಹಾಗಾದರೆ ಹೋದ ವರ್ಷ? ಹೋದ ವರ್ಷವೂ ಮಳೆಯಲ್ಲಿ ಸ್ವಲ್ಪ ಆರಾಮ ಇತ್ತು. ಆಗ ಅದು ಡಾಕ್ಟರರ ಕೆಂಪು ನೀರಿನ ಗುಣ ಅಂದಿದ್ದರು. ಅದರ ಹಿಂದಿನ ವರ್ಷ ಅರಿಶಿನದ ಹೊಗೆಯ ಗುಣ. ಆಯಿಯನ್ನು ಒಂದೊಂದಾಗಿ ಕೇಳಿದೆ, ಯಾವ ಔಷಧ ಯಾವಾಗ ಶುರು ಮಾಡಿದಿರಿ ಎಂದು. ಎಲ್ಲವೂ ಮೇ ತಿಂಗಳಲ್ಲೇ, ನಾನು ತೀರಾ ಸೋತಾಗ. ಎಲ್ಲವೂ ಜೂನಿನಲ್ಲಿ ಗೆದ್ದವು. ಎಲ್ಲವೂ ದೀಪಾವಳಿಯ ಹೊತ್ತಿಗೆ ಕೈಕೊಟ್ಟವು. ಔಷಧ ಬದಲಾಗುತ್ತಿತ್ತು, ತಿಂಗಳು ಬದಲಾಗುತ್ತಿರಲಿಲ್ಲ.

ಗಣಪತಿಯನ್ನು ಮುಳುಗಿಸಿ ಬಂದ ಮೇಲೆ ಬಿಸಿಲು ಬಿತ್ತು. ಗೋಣಿ ಬಿಚ್ಚಿದರು, ಕಾಕಾ ಒರಳಿಗೆ ಕೂತ, ಅವ್ವ ಕಿಟಕಿಗೆ ಚಿಂದಿ ತುರುಕಿದಳು. ನಾನು ಅವತ್ತು ಶಾಲೆಗೆ ಹೋಗಲಿಲ್ಲ. ಏಣಿಯ ಕೆಳಗೆ ಕೂತು ಕಾದೆ. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಒಗ್ಗರಣೆ ಕಣ್ಣಿಗೆ ಕಂಡಿತು, ಮೂಗಿಗೆ ಬರಲಿಲ್ಲ. ಅವ್ವ ಇಳಿದು ಬಂದು ಗಂಟಲು ಒತ್ತಿಕೊಂಡು ನಿಂತಳು. ನನ್ನ ವಾದ ಸಿದ್ಧವಾಯಿತು.

ಅಮಾವಾಸ್ಯೆಯ ದಿನ ಅಂಗಡಿ ತೆರೆಯುವುದಿಲ್ಲ. ಊಟವಾಗಿ ಎಲ್ಲರೂ ಖೋಲಿಯಲ್ಲಿದ್ದರು. ಅಪ್ಪ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಎದ್ದು ನಿಂತು, ಒಂದು ಮಾತು ಹೇಳಬೇಕು ಅಂದೆ.

"ಹೇಳಪಾ ವಕೀಲಾ, ಕೋರ್ಟ ಕೂತೈತಿ," ಅಂದ ಕಾಕಾ.

ಹೇಳಿದೆ. ಮೇ, ಜೂನ್, ದೀಪಾವಳಿ. ಮಾಳಾ, ಜರಡಿ, ಕಿಟಕಿ. ನನ್ನ ಮೂಗು, ಅವ್ವನ ಗಂಟಲು. ಕಟ್ಟಿದ ಮೂಗಿನಲ್ಲೇ, ಎಲ್ಲೂ ತಡವರಿಸದೆ. ಈಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುವವನು ನಾನು. ಆದರೂ ಅದಕ್ಕಿಂತ ಬಿಗಿಯಾದ ವಾದವನ್ನು ಇನ್ನೂ ಮಾಡಿಲ್ಲ.

ಅಪ್ಪ ಸಿಟ್ಟು ಮಾಡಲಿಲ್ಲ. ಯೋಚಿಸಿ ಕೇಳಿದ: "ನಾನೂ ಇದ ಮನ್ಯಾಗ ಹುಟ್ಟಿ ಬೆಳದಾಂವ. ನನ್ನ ಮೂಗಿಗಿ ಏನಾಗೇತಿ?"

"ನೀವು ಅಂಗಡ್ಯಾಗ ರಸ್ತೆ ಕಡೆ ಕೂಡ್ತೀರಿ. ಅವ್ವ ಮಾಳಾದಾಗ ಕೂಡ್ತಾಳ."

"ನಿಮ್ಮ ಕಾಕಾ?"

"ಕಾಕಾ ಓಣ್ಯಾಗ ಬಯಲಿಗಿ ಕುಟ್ಟತಾನ."

ಕಾಕಾ ತಲೆ ಕೆರೆದುಕೊಂಡ. "ಇದು ಖರೇನ ಅಣ್ಣಾ."

"ಕಿಟಕಿ ತಗದ್ರ ಹಾರುಪುಡಿ ಎಲ್ಲಿ ಸಿಗತೈತಿ? ಗಿರಾಕಿ ಬರೂದ ಅದಕ್ಕ," ಅಂದ ಅಪ್ಪ.

"ಹಂಗಾದ್ರ ಮೂಗಿಗಿ ಬಟ್ಟಿ ಕಟ್ಟಲಿ."

ಆಯಿ ಕೂತಲ್ಲಿಂದಲೇ, "ಈ ಮನ್ಯಾಗ ನಾ ಇರೂತನ ಆಗೂದಿಲ್ಲ," ಅಂದಳು. "ನನ್ನ ಅತ್ತಿ ಗಾಳಿಸಿದ್ಳು, ನಾ ಗಾಳಿಸೀನಿ. ನಮಗ ಮೂಗ ಇರಲಿಲ್ಲೇನು?"

"ಆಯಿ, ನಿಮಗ ಈಗ ಗಟಾರದ ನಾತ ಬರ್ತೈತೇನು?"

"ಯಾವ ನಾತ?"

ಅಕ್ಕ ಬಾಗಿಲ ಕಡೆ ನೋಡಿದಳು. ಗಟಾರ ಹೊಸ್ತಿಲಿನ ಆಚೆಗೇ ಇತ್ತು. ಆಯಿ ನಮ್ಮೆಲ್ಲರ ಮುಖವನ್ನು ಸರದಿಯಂತೆ ನೋಡಿ, ಡಬ್ಬಿ ತೆರೆದು ಒಂದು ಚಿಟಿಕೆ ಎಳೆದುಕೊಂಡಳು.

ಗೆದ್ದೆ ಎಂದುಕೊಂಡೆ. ಒಬ್ಬ ಸಾಕ್ಷಿ ಬೇಕಿತ್ತು, ಅಷ್ಟೇ. "ಅವ್ವನ್ನ ಕೇಳ್ರಿ," ಅಂದೆ. "ಮಳಿಗಾಲದಾಗ ಹ್ಯಾಂಗಿದ್ದಳು, ಈಗ ಹ್ಯಾಂಗ ಅದಾಳ, ಆಕೀನ ಹೇಳಲಿ."

ಅಪ್ಪ ಅವ್ವನ ಕಡೆ ತಿರುಗಿದ. ಅಪ್ಪ ಅವಳನ್ನು ಎಲ್ಲರ ಎದುರು ಹೀಗೆ ನೇರವಾಗಿ ಕೇಳಿದ್ದು ನಾನು ಮೊದಲ ಸಲ ನೋಡಿದ್ದು. "ಹೇಳು, ನಿನಗೇನರ ತ್ರಾಸ ಐತೇನು?"

ಅವ್ವ ಬಿಸಿನೀರಿನ ಒಂದು ಗುಟುಕು ಕುಡಿದಳು. ಆಯಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ನನಗೇನಾಗೇತಿ?" ಅಂದಳು. ದನಿ ಹರಿದ ಬಟ್ಟೆಯ ಹಾಗಿತ್ತು. "ನನಗೇನೂ ತ್ರಾಸಿಲ್ರಿ. ಹುಡುಗಗ ಈ ಹವಾ ಒಗ್ಗೂದಿಲ್ಲ. ಅಂವನ್ನ ಮಲಾಡಕ್ಕ ನಿಮ್ಮ ತಂಗಿ ಮನಿಗಿ ಕಳಿಸ್ರಿ. ಗಾಳಿಸೂದು ನಾ ನೋಡಕೋತೀನಿ."

ನನ್ನ ಸಾಕ್ಷಿ ತಿರುಗಿಬಿದ್ದಳು. ಈಗ ಕಾಯಿದೆ ಓದುವಾಗ ತಿರುಗಿಬಿದ್ದ ಸಾಕ್ಷಿ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಖೋಲಿ ಕಾಣುತ್ತದೆ. ಅವಳು ಹೆದರಿ ಸುಳ್ಳು ಹೇಳಿದಳೆಂದು ಆಗ ತಿಳಿದಿದ್ದೆ. ಇಲ್ಲ. ಆ ಖೋಲಿಯಲ್ಲಿ ವ್ಯವಹಾರ ಬಲ್ಲವಳು ಅವಳೊಬ್ಬಳೇ. ಇಬ್ಬರಿಗೂ ಬಿಡುಗಡೆ ಕೇಳಿದರೆ ಅಂಗಡಿಯನ್ನೇ ಕೇಳಿದ ಹಾಗೆ, ಯಾರೂ ಕೊಡುವುದಿಲ್ಲ. ಮಗನೊಬ್ಬನಿಗೆ ಕೇಳಿದರೆ ಕೊಡುತ್ತಾರೆ. ನನ್ನ ಇಡೀ ವಾದವನ್ನು ತೆಗೆದುಕೊಂಡು, ಅದರಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟು, ನನ್ನ ಪಾಲನ್ನು ಗೆದ್ದಳು.

ಅಪ್ಪನಿಗೂ ಹಗುರವಾಯಿತು. "ಮಲಾಡದ ಹವಾ ಚೊಲೋ ಐತಿ," ಅಂದ.

ಮಲಾಡಿನಲ್ಲಿ ಆಗ ತಾಳೆಮರಗಳಿದ್ದವು, ಬಾವಿಗಳಿದ್ದವು, ಎದೆರೋಗದವರು ಹವಾ ಬದಲಿಗೆಂದು ಬಂದು ಇರುತ್ತಿದ್ದರು. ಅತ್ತೆಯ ಮನೆಗೆ ಎರಡು ಕಿಟಕಿ, ಎರಡೂ ತೆರೆದಿರುತ್ತಿದ್ದವು. ಹೋದ ಕೆಲವು ದಿನಗಳಲ್ಲೇ ನನ್ನ ಮೂಗು ಬಿಚ್ಚಿತು, ಮತ್ತೆ ಎಂದೂ ಹಾಗೆ ಕಟ್ಟಲಿಲ್ಲ. ನನ್ನ ಮಾತಿಗೆ ಸ್ವರ ಬಂತು. ಹೊಸ ಶಾಲೆಯಲ್ಲಿ ನನ್ನನ್ನು ಯಾರೂ ಅಣಕಿಸಲಿಲ್ಲ, ಭಾಷಣಕ್ಕೆ ನಿಲ್ಲಿಸಿದರು. ನನ್ನ ವಾದ ಸರಿಯಾಗಿತ್ತು ಎನ್ನುವುದಕ್ಕೆ ನಾನೇ ಪುರಾವೆ.

ರವಿವಾರ ಕಾಕಾನ ಜೊತೆ ದಾದರಿನಲ್ಲಿ ಗಾಡಿ ಬದಲಿಸಿ ಘಾಟ್ಕೋಪರಕ್ಕೆ ಹೋಗುತ್ತಿದ್ದೆ. ಅವ್ವ ನನ್ನನ್ನು ಒಳಗೆ ಬಹಳ ಹೊತ್ತು ಕೂರಿಸುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂರಿಸಿ ತಟ್ಟೆ ತಂದುಕೊಡುತ್ತಿದ್ದಳು. ನಾನು ಮಾತಾಡುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಯಾವ ರವಿವಾರವೆಂದು ಗೊತ್ತಿಲ್ಲ, ಒಂದು ಸಲ ಅವಳ ಸೊಂಟದಲ್ಲೂ ಒಂದು ಪುಟ್ಟ ಡಬ್ಬಿ ಕಂಡಿತು. "ಸ್ವಲ್ಪ ಹೊತ್ತರ ಬಿಚ್ಚತೈತಿ," ಅಂದಳು. ಮುಂದಿನ ಮಳೆಗಾಲದಲ್ಲಿ ನಾನು ಬೇಕೆಂದೇ ರಜೆ ಹಾಕಿ ಹೋದೆ. ಜರಡಿ ಗೂಟದಲ್ಲಿತ್ತು, ಕಿಟಕಿ ತೆರೆದಿತ್ತು. ಓಣಿಯ ತುದಿಯ ಶೇಂಗಾದ ಘಮ ನನಗೆ ಹೊಸ್ತಿಲಿನಲ್ಲೇ ಬಡಿಯಿತು. ಅವ್ವನ ಮುಖ ನೋಡಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಆ ಘಮಕ್ಕೆ ತಲೆ ಎತ್ತಲಿಲ್ಲ.

ಮುಂದೆ ಆದದ್ದನ್ನು ಬೇಗ ಹೇಳಬಹುದು. ಆಯಿ ತೀರಿಕೊಂಡಳು. ಯಂತ್ರದಲ್ಲಿ ಪುಡಿ ಮಾಡಿದ ಡಬ್ಬಿಗಳು ಪೇಟೆಗೆ ಬಂದವು. ಶೇಟಗಳ ಮಕ್ಕಳು ಸಿಗರೇಟಿಗೆ ಹೋದರು. ಅಪ್ಪ ಕುಟ್ಟಿಸುವುದನ್ನು, ಗಾಳಿಸುವುದನ್ನು ನಿಲ್ಲಿಸಿ ತಯಾರು ಮಾಲು ತಂದು ಮಾರತೊಡಗಿದ. ಜರಡಿ ಯಾರಿಗೋ ಹೋಯಿತು. ನಾನು ಅಷ್ಟು ತರ್ಕದಿಂದ ಕೇಳಿ ಪಡೆಯಲಾಗದ್ದನ್ನು ಪೇಟೆ ಒಂದು ಮಾತೂ ಆಡದೆ ಕೊಟ್ಟಿತು.

ತರ್ಕದ ಪಾಠದಲ್ಲಿ ಕಾರಣವನ್ನು ತೆಗೆದರೆ ಕಾರ್ಯ ಉಳಿಯುವುದಿಲ್ಲ ಎಂದು ಹೇಳಿಕೊಟ್ಟಿದ್ದಾರೆ. ನಾನು ಅದನ್ನು ವೇದಿಕೆಯಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಮನೆಯಲ್ಲಿ ಕಾರಣ ಹೋಗಿ ವರ್ಷಗಳಾದವು. ಮಾಳಾದಲ್ಲಿ ಈಗ ಟ್ರಂಕುಗಳಿವೆ, ಕಿಟಕಿಯಿಂದ ಬಿಸಿಲು ಬೀಳುತ್ತದೆ. ಅವ್ವನ ಮೂಗು ಬಿಚ್ಚಲಿಲ್ಲ. ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮರಾಠಿ ಮಾತಾಡುವ ಡಾಕ್ಟರರು ಹಣೆಗೆ ಕನ್ನಡಿ ಕಟ್ಟಿಕೊಂಡು ಮೂಗಿನೊಳಗೆ ಬಹಳ ಹೊತ್ತು ನೋಡಿ, ಒಳಗಿನ ಪೊರೆ ಸುಟ್ಟ ಚರ್ಮದಂತೆ ಒಣಗಿಹೋಗಿದೆ ಅಂದರು. ವಾಸನೆ ಇನ್ನು ಬರುವುದಿಲ್ಲ. ಗಂಟಲಿನ ಬಿಗಿತಕ್ಕೆ ಹಬೆ, ಉಪ್ಪುನೀರು. ಹೀಗೇ ಸಂಭಾಳಿಸಿಕೊಂಡು ಹೋಗಬೇಕು. ನಶ್ಯ ಬಿಡಬೇಕು. ನಾನು ಎರಡು ಮೂರು ಪ್ರಶ್ನೆ ಕೇಳಿದೆ, ಅವರು ಉತ್ತರ ಕೊಟ್ಟರು. ಅವರ ಉತ್ತರಗಳಲ್ಲಿ ನನಗೆ ಒಂದೂ ತಪ್ಪು ಸಿಗಲಿಲ್ಲ. ಅವ್ವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಎಂಟು ದಿನದಲ್ಲಿ ಇನ್ನೊಂದು ಡಬ್ಬಿ ಅವಳ ಸೊಂಟದಲ್ಲಿತ್ತು.

ಕಳೆದ ಚಳಿಗಾಲ ಅಕ್ಕ ಹೆರಿಗೆಗೆ ಬಂದಿದ್ದಳು. ಹೆಣ್ಣುಕೂಸು. ಮನೆಗೆ ಕರೆತಂದ ದಿನ ಅವ್ವ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎಲ್ಲ ಹೆಂಗಸರೂ ಮಾಡುವ ಹಾಗೆ, ನೆತ್ತಿಗೆ ಮೂಗು ಹಚ್ಚಿದಳು. ಹಚ್ಚಿದವಳು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ತಲೆ ಎತ್ತಿ, ಕೂಸನ್ನು ನನ್ನ ಮುಖದ ಹತ್ತಿರ ಹಿಡಿದಳು.

"ನೀ ನೋಡು, ತಮ್ಮಾ. ಹ್ಯಾಂಗೈತಿ?"

ನಾನು ಮೂಸಿದೆ. "ಹಾಲಿನ ಹಾಂಗ ಐತಿ, ಅವ್ವಾ," ಅಂದೆ.

ಅವಳು ಎರಡು ಬೆರಳಿನಿಂದ ಗಂಟಲು ಒತ್ತಿಕೊಂಡಳು.

"ಹಾಲಿಂದು ಹ್ಯಾಂಗಿರತೈತಿ? ಮರತೀನಿ. ಹೇಳು."

ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲವನು ನಾನು. ಕೂಸಿನ ನೆತ್ತಿಯನ್ನು ಇನ್ನೊಮ್ಮೆ ಮೂಸಿದೆ. ಅಕ್ಕ ಕೂಸನ್ನು ಎತ್ತಿಕೊಂಡು ಎದೆಗೆ ಹಾಕಿಕೊಂಡಳು. ಅವ್ವ ನನ್ನ ಮುಖವನ್ನೇ ನೋಡುತ್ತ, ನಾನು ಹೇಳಿಯೇ ಹೇಳುತ್ತೇನೆಂದು ನಂಬಿ, ಕಾಯುತ್ತ ನಿಂತಳು.